ಮೊದಲು ಬಿಲ್ ನೋಡಿ, ಆಮೇಲೆ ನೆರಳು ನೋಡಿ, ಕೊನೆಗೆ ಸೋಲಾರ್

ತಾರಸಿ ಮೇಲೆ ಸೋಲಾರ್ ಹಾಕಿಸುವ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ವಾರ ನಮ್ಮ ವಿದ್ಯುತ್ ತಜ್ಞರ ಉತ್ತರ.

ಪ್ರಶ್ನೆ: ಮನೆಯಲ್ಲಿ ಐದು ಜನ ಇದ್ದೇವೆ. ಬೇಸಿಗೆಯಲ್ಲಿ ತಿಂಗಳಿಗೆ 350 ಯೂನಿಟ್ ಮುಟ್ಟುತ್ತದೆ. ಉಳಿದ ತಿಂಗಳು 260ರಿಂದ 300. ಸೋಲಾರ್ ಹಾಕುವವರು 5 ಕಿಲೋವ್ಯಾಟ್ ಬೇಕೇ ಬೇಕು ಅನ್ನುತ್ತಾರೆ. ಪಕ್ಕದ ಮನೆಯವರಿಗೆ ಗೃಹಜ್ಯೋತಿಯಲ್ಲಿ ಬಿಲ್ಲೇ ಬರುವುದಿಲ್ಲ, ಅವರಿಗೂ ಹಾಕಿಸಿ ಅಂತ ದುಂಬಾಲು ಬಿದ್ದಿದ್ದಾರೆ. ಏನು ಮಾಡೋಣ?
– ಓದುಗರು, ತುಮಕೂರು ನಗರ

ಉತ್ತರ: ಪಕ್ಕದ ಮನೆಯ ವಿಷಯ ಮೊದಲು ಮುಗಿಸಿಬಿಡೋಣ. ಬಿಲ್ ಸೊನ್ನೆ ಬರುವ ಮನೆಗೆ ಸೋಲಾರ್ ಹಾಕಿಸಿದರೆ ಉಳಿಯುವುದೂ ಸೊನ್ನೆಯೇ. ಆಸೆಯಿಂದ ಹಾಕಿಸುತ್ತಾರೆ ಅಂದರೆ ಬೇಡ ಅನ್ನಲು ನಾನು ಯಾರು? ದುಡ್ಡು ಉಳಿಯುತ್ತದೆ ಅಂತ ನಂಬಿ ಹಾಕಿಸುವುದಾದರೆ ಮಾತ್ರ, ಸದ್ಯಕ್ಕೆ ಸುಮ್ಮನಿರಲು ಹೇಳಿ.

ನಿಮ್ಮ ಕಥೆ ಬೇರೆ. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನೀವು ಎಲ್ಲ ತಿಂಗಳೂ ದಾಟುತ್ತಿದ್ದೀರಿ. ಹಾಗಾಗಿ ನಿಮಗೆ ಸೋಲಾರ್ ಲಾಭವೇ. ಆದರೆ ಎಷ್ಟು ದೊಡ್ಡದು ಬೇಕು ಅನ್ನುವುದನ್ನು ಮಾರುವವರ ಬಾಯಿಂದ ಕೇಳಬೇಡಿ. ಕಳೆದ 12 ತಿಂಗಳ ಬಿಲ್ ತೆಗೆದು ಯೂನಿಟ್ ಕೂಡಿಸಿ, 12ರಿಂದ ಭಾಗಿಸಿ. ನಿಮ್ಮದು ಸುಮಾರು 300 ಅಂದುಕೊಳ್ಳೋಣ. ನಮ್ಮ ಕಡೆಯ ಬಿಸಿಲಿಗೆ 1 ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ಅಂದರೆ ತಿಂಗಳಿಗೆ 120. ನಿಮಗೆ ಎರಡೂವರೆ ಸಾಕು, 3 ಹಾಕಿಸಿದರೆ ಧಾರಾಳ. 5 ಹಾಕಿಸಿದರೆ 600 ಯೂನಿಟ್ ಬರುತ್ತದೆ. ಅರ್ಧಕ್ಕರ್ಧ ಬೆಸ್ಕಾಂ ಲೈನಿಗೆ, ಅಂದರೆ ಗ್ರಿಡ್‌ಗೆ ಹೋಗುತ್ತದೆ. ಹೀಗೆ ಮಿಕ್ಕ ಕರೆಂಟಿಗೆ ನಿಮಗೆ ಸಿಗುವ ದರ, ನೀವು ಕೊಳ್ಳುವ ದರಕ್ಕಿಂತ ಕಡಿಮೆ. ಹಾಲು ಮಾರಿ ಮಜ್ಜಿಗೆ ದುಡ್ಡು ತಗೊಂಡ ಹಾಗೆ.

ಸಬ್ಸಿಡಿಯೂ ಇದೇ ಮಾತು ಹೇಳುತ್ತದೆ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಒಟ್ಟು 78,000, ಅಲ್ಲಿಗೆ ನಿಂತಿತು. 5 ಹಾಕಿಸಿದರೂ 78,000, 10 ಹಾಕಿಸಿದರೂ ಅಷ್ಟೇ. 3 ಕಿಲೋವ್ಯಾಟ್‌ಗೆ ಹೆಚ್ಚುಕಮ್ಮಿ 2 ಲಕ್ಷ ಆಗುತ್ತದೆ ಅಂದುಕೊಂಡರೆ, ಸಬ್ಸಿಡಿ ಕಳೆದು ಕೈಯಿಂದ ಹೋಗುವುದು 1.22 ಲಕ್ಷ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ತಿಂಗಳಿಗೆ 1,800 ಉಳಿಯುತ್ತದೆ. ಐದೂವರೆ, ಆರು ವರ್ಷಕ್ಕೆ ಅಸಲು ವಾಪಸ್. ಪ್ಯಾನೆಲ್‌ಗೆ 25 ವರ್ಷದ ವಾರಂಟಿ ಇರುತ್ತದೆ. ಪ್ಯಾನೆಲಿನ ಕರೆಂಟನ್ನು ಮನೆ ಬಳಕೆಗೆ ಒಗ್ಗಿಸುವ ಇನ್‌ವರ್ಟರ್ ಅಷ್ಟು ಬಾಳುವುದಿಲ್ಲ, ನಡುವೆ ಒಂದು ಸಲ ಬದಲಾಯಿಸುವ ಖರ್ಚನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ನಿಗದಿತ ಶುಲ್ಕ ಮಾತ್ರ ಸೋಲಾರ್ ಹಾಕಿದರೂ ಬಿಲ್‌ನಲ್ಲಿ ಇದ್ದೇ ಇರುತ್ತದೆ. "ಬಿಲ್ಲೇ ಬರಲ್ಲ ಸಾರ್" ಅನ್ನುವವರನ್ನು ಅಷ್ಟು ನಂಬಬೇಡಿ.

ಇನ್ನೊಂದು ವಿಷಯ. ಸಬ್ಸಿಡಿ ಬರುವುದು ಪ್ಯಾನೆಲ್ ಕೂರಿಸಿ, ನೆಟ್ ಮೀಟರ್ (ಒಳಬಂದ, ಹೊರಹೋದ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಹಾಕಿ, ತಪಾಸಣೆ ಮುಗಿದ ಮೇಲೆ. ಅದೂ ನಿಮ್ಮ ಬ್ಯಾಂಕ್ ಖಾತೆಗೆ ನೇರವಾಗಿ. ಪ್ಯಾನೆಲ್ ಮತ್ತು ಅದರೊಳಗಿನ ಸೆಲ್ ಎರಡೂ ಭಾರತದಲ್ಲೇ ತಯಾರಾಗಿರಬೇಕು, ಇಲ್ಲದಿದ್ದರೆ ಸಬ್ಸಿಡಿ ಇಲ್ಲ. ಕೊಟೇಶನ್‌ನಲ್ಲಿ 'ಡಿಸಿಆರ್' (ದೇಶದಲ್ಲೇ ತಯಾರಾದದ್ದು) ಅಂತ ಬರೆಸಿಕೊಳ್ಳಿ. ಹಾಕುವವರು ಯೋಜನೆಯಲ್ಲಿ ನೋಂದಾಯಿಸಿಕೊಂಡವರೇ ಆಗಿರಬೇಕು. ಪೂರ್ತಿ ದುಡ್ಡು ಮುಂಗಡ ಕೊಡಬೇಡಿ. ನೆಟ್ ಮೀಟರ್ ಕೂರುವವರೆಗೆ ಒಂದು ಕಂತು ಕೈಯಲ್ಲೇ ಇರಲಿ.

ಪಾವಗಡದ ಬಿಸಿಲು ನೋಡಿಯೇ ಅಲ್ವಾ ಅಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಪಾರ್ಕ್ ಕಟ್ಟಿದ್ದು? ಹಾಗಂತ ಏಪ್ರಿಲ್ ಬಿಸಿಲಿಗೆ ಮೀಟರ್ ಗಿರಗಿರ ತಿರುಗುತ್ತದೆ ಅಂದುಕೊಳ್ಳಬೇಡಿ. ಪ್ಯಾನೆಲ್‌ಗೆ ಬೆಳಕು ಬೇಕು, ಕಾವು ಬೇಡ. 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಶೇ 0.35ರಷ್ಟು ಶಕ್ತಿ ಕುಗ್ಗುತ್ತದೆ. ಸುಡು ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿಗೆ ಕಾದರೆ ಶೇ 12ರಷ್ಟು ಹೋಯಿತು. ಹಾಗಾಗಿ ಪ್ಯಾನೆಲನ್ನು ತಾರಸಿಗೆ ಅಂಟಿಸಿದ ಹಾಗೆ ಕೂರಿಸಬಾರದು. ಅಡಿಯಲ್ಲಿ ಗಾಳಿ ಆಡಬೇಕು.

ಪ್ರಶ್ನೆ: ಮನೆ ತೋಟದೊಳಗೇ ಇದೆ. ತೆಂಗಿನ ಗರಿಯ ನೆರಳು ಬೆಳಿಗ್ಗೆ ಎರಡು ಗಂಟೆ ತಾರಸಿಯ ಒಂದು ಮೂಲೆಗೆ ಬೀಳುತ್ತದೆ. ಅಷ್ಟಕ್ಕೆ ಏನು ಮಹಾ ನಷ್ಟ?
– ಓದುಗರು, ತಿಪಟೂರು

ಉತ್ತರ: ಈ ಪ್ರಶ್ನೆಯನ್ನು ಪ್ಯಾನೆಲ್ ಹಾಕಿಸುವ ಮೊದಲೇ ಕೇಳಿದಿರಲ್ಲ, ಜಾಣರು. ನಾನು ಕೇಳಿರಲಿಲ್ಲ.

ಡ್ರಿಪ್ ಪೈಪಿನ ಮೇಲೆ ಒಂದು ಕಡೆ ಕಾಲಿಟ್ಟು ನೋಡಿ. ನೀರು ನಿಲ್ಲುವುದು ಕಾಲಿನ ಕೆಳಗಿನ ಗಿಡಕ್ಕೆ ಮಾತ್ರವಲ್ಲ, ಮುಂದಿನ ಎಲ್ಲ ಗಿಡಕ್ಕೂ. ಪ್ಯಾನೆಲ್ಲೂ ಹಾಗೆಯೇ. ಒಳಗಿನ ಸೆಲ್‌ಗಳು ಒಂದರ ಬಾಲಕ್ಕೆ ಒಂದು ಕಟ್ಟಿದ ಸಾಲು. ಒಂದು ಸೆಲ್ ನೆರಳಿಗೆ ಬಿದ್ದರೆ ಸಾಲಿನ ಕರೆಂಟ್ ಅಲ್ಲೇ ಸೊರಗುತ್ತದೆ. ಇದಕ್ಕೆಂದೇ ಪ್ಯಾನೆಲ್ ಒಳಗೆ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇರುತ್ತವೆ. ನೆರಳಾದ ಭಾಗವನ್ನು ಬಿಟ್ಟು ಉಳಿದದ್ದನ್ನು ಅವು ದಾಟಿಸುತ್ತವೆ. ಆದರೂ ಅಂಗೈ ಅಗಲದ ನೆರಳಿಗೆ ಪ್ಯಾನೆಲಿನ ಮೂರನೇ ಒಂದು ಭಾಗ ಸುಮ್ನೆ ಮಲಗಬಹುದು.

ನನ್ನ ಮನೆಯಲ್ಲಿ ಆದದ್ದು ಇದೇ. ಮೇ ತಿಂಗಳಲ್ಲಿ ಜಾಗ ನೋಡಿದೆ, ನೀರಿನ ಟ್ಯಾಂಕಿನ ನೆರಳು ಎಲ್ಲೂ ಕಾಣಲಿಲ್ಲ. ಟ್ಯಾಂಕಿನ ಉತ್ತರಕ್ಕೆ ಪ್ಯಾನೆಲ್ ಕೂರಿಸಿದೆ. ನವೆಂಬರ್ ಬಂತು, ಟ್ಯಾಂಕಿನ ನೆರಳು ಬೆಕ್ಕಿನ ಹಾಗೆ ಬಂದು ಎರಡು ಪ್ಯಾನೆಲ್ ಮೇಲೆ ಮಲಗಿತು. ಫೆಬ್ರುವರಿವರೆಗೂ ಏಳಲಿಲ್ಲ. ಎಂಜಿನಿಯರ್ ಆಗಿ ಇಷ್ಟೂ ತಿಳಿಯದೇ ಅಂತ ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ.

ನಮ್ಮ ಊರುಗಳು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಆಗ ನೆರಳು ಗಿಡ್ಡ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲಿದಾಗ 10 ಅಡಿ ಎತ್ತರದ ವಸ್ತುವಿನ ನೆರಳು ನಡುಹಗಲಲ್ಲೇ ಉತ್ತರಕ್ಕೆ ಏಳೂವರೆ ಅಡಿ ಚಾಚುತ್ತದೆ. ಬೆಳಿಗ್ಗೆ 9ಕ್ಕೆ ಇನ್ನೂ ಉದ್ದ. ಅಂದರೆ ನೀವು ಹೆದರಬೇಕಾದ್ದು ಮನೆಯ ದಕ್ಷಿಣದ ಮರಕ್ಕೆ. ಉತ್ತರದ ಮರದ ಕಾಟ ಕಡಿಮೆ. ಪ್ಯಾನೆಲನ್ನು ದಕ್ಷಿಣಕ್ಕೆ ಮುಖ ಮಾಡಿ 13 ಡಿಗ್ರಿಯಷ್ಟು ಓರೆ ಇಡುವುದೂ ಇದೇ ಲೆಕ್ಕಕ್ಕೆ.

ಡಿಸೆಂಬರ್‌ನಿಂದ ಸಂಕ್ರಾಂತಿಯೊಳಗೆ ಒಂದು ದಿನ 9 ಗಂಟೆಗೆ, 12ಕ್ಕೆ, 3ಕ್ಕೆ ತಾರಸಿ ಹತ್ತಿ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಮೂರರಲ್ಲೂ ಬಿಸಿಲಿರುವ ಜಾಗ ನಿಮ್ಮ ಜಾಗ. ಕಿಲೋವ್ಯಾಟ್‌ಗೆ 100 ಚದರ ಅಡಿ ಸಿಕ್ಕಿದರೆ ಸಾಕು. ಸಿಗದಿದ್ದರೆ ಆ ಮೂಲೆಯ ಪ್ಯಾನೆಲ್‌ಗಳಿಗೆ ಆಪ್ಟಿಮೈಸರ್ ಅಥವಾ ಮೈಕ್ರೋ ಇನ್‌ವರ್ಟರ್ ಹಾಕಿಸಬಹುದು. ಆಗ ಒಂದರ ನೆರಳು ಇನ್ನೊಂದನ್ನು ಎಳೆಯುವುದಿಲ್ಲ. ಖರ್ಚು ಜಾಸ್ತಿ. ಆ ಮೂಲೆ ಬಿಟ್ಟು ಒಂದು ಪ್ಯಾನೆಲ್ ಕಡಿಮೆ ಹಾಕಿಸುವುದೇ ಎಷ್ಟೋ ಸಲ ಅಗ್ಗ.

ತಿಪಟೂರಿನವರಿಗೆ ತೆಂಗಿನ ಮರ ಕಡಿಯಿರಿ ಅನ್ನುವ ಧೈರ್ಯ ನನಗಿಲ್ಲ. ಆದರೆ ಮರ ತಾರಸಿ ಮೇಲೆ ವಾಲಿದ್ದರೆ ಪ್ಯಾನೆಲ್ ಅಲ್ಲಿ ಬೇಡ. ಅದರ ಗಾಜನ್ನು 25 ಮಿಲಿಮೀಟರ್ ದಪ್ಪದ ಆಲಿಕಲ್ಲು ಬೀಳಿಸಿ ಪರೀಕ್ಷೆ ಮಾಡಿರುತ್ತಾರೆ. ತೆಂಗಿನಕಾಯಿ ಬೀಳಿಸಿ ಯಾರೂ ಪರೀಕ್ಷೆ ಮಾಡಿಲ್ಲ.

ಪ್ರಶ್ನೆ: ಹೋದ ತಿಂಗಳು 3 ಕಿಲೋವ್ಯಾಟ್ ಹಾಕಿಸಿದೆ. ಹಗಲು ಹೊತ್ತು ಕರೆಂಟ್ ಹೋದರೆ ಬಿಸಿಲು ಕಾಯುತ್ತಿದ್ದರೂ ಮನೆಯಲ್ಲಿ ಕತ್ತಲೆ. ಮೋಸ ಹೋದೆನಾ?
– ಓದುಗರು, ಕೋಲಾರ

ಉತ್ತರ: ಇಲ್ಲ. ಆದರೆ ನಿಮಗೆ ಮೊದಲೇ ಹೇಳಬೇಕಿತ್ತು. ಗ್ರಿಡ್‌ಗೆ ಜೋಡಿಸಿದ ಇನ್‌ವರ್ಟರ್ ಹೊರಗಿನ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು. ಇಲ್ಲದಿದ್ದರೆ ಲೈನ್ ಆಫ್ ಇದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ತಾರಸಿಯಿಂದ ಹೋದ ಕರೆಂಟ್ ಹೊಡೆಯುತ್ತದೆ.

ನಿಮ್ಮ ಹಳೇ ಯುಪಿಎಸ್ ಬ್ಯಾಟರಿ ಇದ್ದರೆ ಮಾರಬೇಡಿ. ಫ್ಯಾನು, ಲೈಟಿಗೆ ಅದೇ ಸಾಕು. ದಿನಕ್ಕೆ ನಾಲ್ಕೈದು ಗಂಟೆ ಕರೆಂಟ್ ಹೋಗುವ ಹಳ್ಳಿಯಾದರೆ ಬ್ಯಾಟರಿಯ ಜೊತೆಗೂ ಕೆಲಸ ಮಾಡುವ ಹೈಬ್ರಿಡ್ ಇನ್‌ವರ್ಟರ್, ಬ್ಯಾಟರಿ ಯೋಚಿಸಬಹುದು. ಬ್ಯಾಟರಿಗೆಂದು ಬೇರೆ ಸಬ್ಸಿಡಿ ಇಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ತರಿಸಿಕೊಂಡ ಜಿಲ್ಲೆ ನಿಮ್ಮದು. ಇವತ್ತಿಗೂ ಗಾಳಿ ಬೀಸಿದರೆ ಯುಪಿಎಸ್ ಬೇಕು, ಏನು ಮಾಡೋಣ ಹೇಳಿ.

ಪ್ರಶ್ನೆ: ವಾರಕ್ಕೊಮ್ಮೆ ಬೋರ್‌ವೆಲ್ ನೀರಲ್ಲಿ ತಪ್ಪದೇ ತೊಳೆಯುತ್ತೇವೆ. ಪ್ಯಾನೆಲ್ ಮೇಲೆ ಬಿಳಿ ಕಲೆ ಕಟ್ಟಿದೆ, ಉಜ್ಜಿದರೂ ಹೋಗಲ್ಲ.
– ಓದುಗರು, ಚಿಂತಾಮಣಿ

ಉತ್ತರ: ತೊಳೆದು ಕೆಡಿಸಿದ್ದೀರಿ. ನಿಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಕಾದ ಗಾಜಿನ ಮೇಲೆ ಬಿದ್ದು ನೀರು ಆರುತ್ತದೆ, ಸುಣ್ಣದ ಅಂಶ ಅಲ್ಲೇ ಉಳಿಯುತ್ತದೆ. ಟೀ ಪಾತ್ರೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ. ಸ್ಟೀಲ್ ಸ್ಕ್ರಬ್ಬರ್, ಆಸಿಡ್ ಮುಟ್ಟಲೇಬೇಡಿ, ಗಾಜಿನ ಮೇಲಿನ ಲೇಪ ಹೋಗುತ್ತದೆ. ಒಂದು ಭಾಗ ಬಿಳಿ ವಿನೆಗರ್‌ಗೆ ಹತ್ತು ಭಾಗ ನೀರು ಬೆರೆಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಒಳ್ಳೆಯ ನೀರಿನಿಂದ ತೊಳೆಯಿರಿ. ಮೊದಲು ಒಂದು ಮೂಲೆಯಲ್ಲಿ ಮಾಡಿ ನೋಡಿ. ಇನ್ನು ಮುಂದೆ ಹಿಡಿದಿಟ್ಟ ಮಳೆನೀರು ಬಳಸಿ. ಅದಿಲ್ಲದಿದ್ದರೆ ಬೋರ್ ನೀರನ್ನೇ ಹಾಕಿ, ಆರುವ ಮೊದಲೇ ವೈಪರ್‌ನಿಂದ ಎಳೆಯಿರಿ. ಸೂರ್ಯ ಹುಟ್ಟುವ ಮುಂಚೆ ತೊಳೆದರೆ ಗಾಜೂ ತಣ್ಣಗಿರುತ್ತದೆ. ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಡುವ ಭಯವೂ ಇದೆ. ಹತ್ತಿರದಲ್ಲಿ ಕ್ರಷರ್ ಇಲ್ಲದಿದ್ದರೆ 15 ದಿನಕ್ಕೊಮ್ಮೆ ಸಾಕು. ಮಳೆಗಾಲದಲ್ಲಿ ಆ ಕೆಲಸ ಮಳೆಗೇ ಬಿಡಿ.

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಕಲ್ಲು ಚಪ್ಪಡಿ ಮನೆ. ಸೋಲಾರ್ ಭಾರ ತಡೆಯುತ್ತದಾ?
– ಓದುಗರು, ಗುಡಿಬಂಡೆ

ಉತ್ತರ: ಭಾರಕ್ಕಿಂತ ಗಾಳಿಯದೇ ಚಿಂತೆ. ಪ್ಯಾನೆಲ್, ಕಬ್ಬಿಣ ಎರಡೂ ಸೇರಿ ಚದರ ಮೀಟರ್‌ಗೆ 15–20 ಕಿಲೋ ಅಷ್ಟೇ. ಆದರೆ ಏಪ್ರಿಲ್, ಮೇ ತಿಂಗಳ ಗಾಳಿಮಳೆ ಪ್ಯಾನೆಲನ್ನು ಮೊರದ ಹಾಗೆ ಮೇಲಕ್ಕೆ ಎತ್ತುತ್ತದೆ. ಆರ್‌ಸಿಸಿ ಆದರೆ ಬೋಲ್ಟ್ ಹೊಡೆದು ಬಿಗಿಯಬಹುದು. ಚಪ್ಪಡಿಗೆ ಡ್ರಿಲ್ ಹಾಕಿದರೆ ಸೀಳುತ್ತದೆ, ಸಂದಿನಲ್ಲಿ ನೀರು ಸೋರುತ್ತದೆ. ಕಂಬಗಳು ಗೋಡೆಯ ಮೇಲೇ ಕೂರಬೇಕು, ಚಪ್ಪಡಿಯ ನಡುವೆ ಅಲ್ಲ. ಇದಕ್ಕೆ ಮಾತ್ರ ಸಿವಿಲ್ ಎಂಜಿನಿಯರ್ ಕರೆಸಿ ತೋರಿಸಿ, ಸೋಲಾರ್ ಹುಡುಗರ ಮಾತು ಸಾಲದು.

ರಾಗಿ, ಹುಣಸೆ ಒಣಗಿಸಲು ಜಾಗ ಬೇಕು, ಎಂಟಡಿ ಎತ್ತರಕ್ಕೆ ಕೂರಿಸಿ ಅಂತ ತುಂಬಾ ಜನ ಕೇಳುತ್ತಾರೆ. ಗಟ್ಟಿ ಆರ್‌ಸಿಸಿ ತಾರಸಿಯಲ್ಲಿ ಸರಿ. ನಿಮ್ಮ ಮನೆಗೆ ಬೇಡ.

ಪ್ರಶ್ನೆ: ಆರ್‌ಆರ್ ನಂಬರ್ ತೀರಿಕೊಂಡ ತಂದೆಯ ಹೆಸರಲ್ಲಿದೆ. ಅರ್ಜಿ ಹಾಕಬಹುದಾ?
– ಓದುಗರು, ಮಧುಗಿರಿ

ಉತ್ತರ: ಮೊದಲು ಬೆಸ್ಕಾಂನಲ್ಲಿ ಹೆಸರು ಬದಲಾಯಿಸಿಕೊಳ್ಳಿ. ಬಿಲ್‌ನಲ್ಲಿ ಒಂದು ಹೆಸರು, ಬ್ಯಾಂಕ್ ಖಾತೆಯಲ್ಲಿ ಇನ್ನೊಂದು ಹೆಸರು ಇದ್ದರೆ ಸಬ್ಸಿಡಿ ಸಿಕ್ಕಿಹಾಕಿಕೊಳ್ಳುತ್ತದೆ. ಪ್ಯಾನೆಲ್ ಹಾಕಿಸಿದ ಮೇಲೆ ಓಡಾಡುವುದಕ್ಕಿಂತ ಈಗಲೇ ಓಡಾಡುವುದು ಮೇಲು.

ಪ್ರಶ್ನೆ: ಮನೆ ಕೆಳಗೇ ರೇಷ್ಮೆ ರೀಲಿಂಗ್ ಯಂತ್ರ ಇದೆ. ಅದಕ್ಕೂ ಸಬ್ಸಿಡಿ ಸಿಗುತ್ತದಾ?
– ಓದುಗರು, ಶಿಡ್ಲಘಟ್ಟ

ಉತ್ತರ: ಈ ಯೋಜನೆಯಲ್ಲಿ ಇಲ್ಲ, ಇದು ಮನೆ ಬಳಕೆಯ ಮೀಟರ್‌ಗೆ ಮಾತ್ರ. ಮೇಲಿನ ಮನೆಗೆ ಬೇರೆ ಮೀಟರ್ ಇದ್ದರೆ ಅದಕ್ಕೆ ಅರ್ಜಿ ಹಾಕಿ. ರೀಲಿಂಗ್ ಯಂತ್ರದ ತಂತಿಯನ್ನು ಕದ್ದುಮುಚ್ಚಿ ಅದಕ್ಕೆ ಜೋಡಿಸುವ ಯೋಚನೆ ಇದ್ದರೆ, ನೀವು ಕೇಳಲಿಲ್ಲ, ನಾನು ಹೇಳಲಿಲ್ಲ.