ಪೊಳೆ ದಾಟಿದರೂ ಲೈಸೆನ್ಸ್ ಅದೇ

"ಗೋವಾದವರು ಹಾಕಿದ ದಂಡ ತಾನೇ, ಬಿಟ್ಟುಬಿಡು, ಬೇರೆ ರಾಜ್ಯ. ಅಷ್ಟಕ್ಕೂ ಕಾರವಾರದವರು ನೀವು ಅರ್ಧ ಗೋವಾದವರೇ ಅಲ್ವಾ?" ಎಂದು ಕೇಳಿದೆಯಲ್ಲ ಮಾರಾಯ, ಎರಡು ಮಾತೂ ತಪ್ಪು.

ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಕಾರವಾರ 1956ರಲ್ಲೇ ಕನ್ನಡ ನಾಡಿನ ಜೊತೆ ಸೇರಿತು, 1967ರ ಮಹಾಜನ ವರದಿಯೂ ಅದನ್ನು ಇಲ್ಲೇ ಉಳಿಸಿತು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಮೀನುಪೇಟೆಯಲ್ಲಿ ಎರಡೂ. ಇದರಲ್ಲಿ ಅರ್ಧ ಎನ್ನುವುದು ಏನೂ ಇಲ್ಲ. ಬಿಣಗಾ ಕಡಲಿನೆದುರು ಕಾಣುವ ಅಂಜದೀವ ದ್ವೀಪ ಕೂಡ ಕಾಗದದಲ್ಲಿ ಗೋವಾದ ಕಾಣಕೋಣ ತಾಲೂಕಿನದು. ಗೆರೆ ಎಲ್ಲೆಲ್ಲಿ ಹಾದುಹೋಗಿದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗಡಿ ದಾಟುವುದು ನಮಗೆ ಪ್ರವಾಸವೂ ಅಲ್ಲ. ಸದಾಶಿವಗಡ, ಮಾಜಾಳಿಯ ಹುಡುಗರು ಬೆಳಿಗ್ಗೆ ಬೈಕ್ ಹತ್ತಿ ಮಡಗಾಂವ್, ವೆರ್ಣಾದ ಕೆಲಸಕ್ಕೆ ಹೋಗುತ್ತಾರೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಕೂಗುತ್ತಲೇ ಇದ್ದಾರೆ. ಅಲ್ಲಿಯವರೆಗೆ ತುರ್ತಾದರೆ ಗೋವಾದ ಬಾಂಬೋಳಿಯ ಆಸ್ಪತ್ರೆ, ಇಲ್ಲವೇ ಮಣಿಪಾಲ, ಮಂಗಳೂರು. ಕಾರವಾರದಿಂದ ಕಾಣಕೋಣಕ್ಕೆ 40 ಕಿ.ಮೀ. ಆಸುಪಾಸು, ಬೆಂಗಳೂರಿಗೆ 500ರ ಮೇಲೆ. ಹಾಗಾಗಿ ಕೆಎ-30 ನಂಬರಿನ ಗಾಡಿ ದಿನಕ್ಕೆರಡು ಸಲ ಗೋವಾ ಗಡಿಯ ಪೊಳೆ ಗೇಟು ದಾಟುವುದರಲ್ಲಿ ವಿಶೇಷ ಏನೂ ಇಲ್ಲ.

ಈಗ ಮೊದಲನೆಯ ಮಾತು. ರಾಜ್ಯ ಎರಡು, ಆದರೆ 1988ರ ಮೋಟಾರು ವಾಹನ ಕಾಯ್ದೆ ಒಂದೇ. ಗಾಡಿಯ ದಾಖಲೆ ಇರುವ ವಾಹನ್, ಲೈಸೆನ್ಸಿನ ದಾಖಲೆ ಇರುವ ಸಾರಥಿ, ಇವೆರಡೂ ದೇಶದ ಮಟ್ಟದ ವ್ಯವಸ್ಥೆಗಳು. ಪೊಳೆಯ ಆಚೆ ಬಿದ್ದ ಚಲನ್ ಕಟ್ಟದೆ ಬಿಟ್ಟರೆ ಅದು ಗಾಡಿಯ ನಂಬರಿಗೆ ಅಂಟಿಕೊಂಡೇ ಇರುತ್ತದೆ. ಎರಡು ವರ್ಷ ಬಿಟ್ಟು ಬೈಕ್ ಮಾರಲು ಹೋದಾಗ, ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೇಳಿದಾಗ, ಆರ್‌ಟಿಒ ಕೌಂಟರಿನಲ್ಲಿ "ಚಲನ್ ಬಾಕಿ ಇದೆ" ಎಂದು ಅರ್ಜಿ ನಿಲ್ಲುತ್ತದೆ. ಕರ್ನಾಟಕ ಸರ್ಕಾರ 2023ರ ಫೆಬ್ರುವರಿಯಲ್ಲೂ, 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೂ ಬಾಕಿ ಇ-ಚಲನ್‌ಗಳಿಗೆ ಅರ್ಧ ರಿಯಾಯಿತಿ ಕೊಟ್ಟಿತ್ತು. ಅದು ಇಲ್ಲಿನ ಪೊಲೀಸರ ಚಲನ್‌ಗೆ ಮಾತ್ರ. ಗೋವಾದ ದಂಡಕ್ಕೆ ಆ ರಿಯಾಯಿತಿ ಅನ್ವಯಿಸಲಿಲ್ಲ.

ದಂಡದ ಮೊತ್ತ ಬೇರೆ ಬೇರೆ ಇರುವುದಕ್ಕೂ ಕಾರಣ ಇದೆ. ತಿದ್ದುಪಡಿಯಾದ ಕಾಯ್ದೆ 2019ರ ಸೆಪ್ಟೆಂಬರ್ 1ಕ್ಕೆ ಜಾರಿಗೆ ಬಂತು. ಕೋರ್ಟಿಗೆ ಹೋಗದೆ ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ರಾಜಿ ದಂಡದ ಮೊತ್ತವನ್ನು ನಿಗದಿ ಮಾಡುವ ಅಧಿಕಾರವನ್ನು 200ನೇ ಸೆಕ್ಷನ್ ರಾಜ್ಯಗಳಿಗೆ ಕೊಡುತ್ತದೆ. ಕರ್ನಾಟಕ ಅದೇ ತಿಂಗಳು ಹೆಲ್ಮೆಟ್ ದಂಡವನ್ನು 1000ದಿಂದ 500ಕ್ಕೆ ಇಳಿಸಿತು. ಗೋವಾ ಹೊಸ ದರಗಳನ್ನು 2022ರ ಏಪ್ರಿಲ್ 1ರಿಂದ ತಂದಿತು, ಅಲ್ಲಿ ಹೆಲ್ಮೆಟ್‌ಗೆ 1000. ಇಲ್ಲಿ 500 ಎಂಬ ಅಂದಾಜಿನಲ್ಲಿ ಹೋದವನು ಅಲ್ಲಿ ವಾದಕ್ಕೆ ನಿಲ್ಲುತ್ತಾನೆ. ಅದರಿಂದ ಪ್ರಯೋಜನವಿಲ್ಲ, ಎರಡೂ ದರ ಕಾನೂನುಬದ್ಧವೇ.

ಜನ ನೋಡದೇ ಬಿಡುವುದು ಮೊತ್ತದ ಆಚೆಗಿನದನ್ನು. 194ಡಿ ಸೆಕ್ಷನ್ನಿನಲ್ಲಿ ಹೆಲ್ಮೆಟ್ ಇಲ್ಲದ್ದಕ್ಕೆ ದಂಡದ ಜೊತೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆಯೂ ಇದೆ. ಬೈಕಿನಲ್ಲಿ ಮೂವರು ಕೂತರೂ ಹಾಗೆಯೇ, ಅದು 194ಸಿ. ರಾಜ್ಯ ಇಳಿಸಿದ್ದು ಹಣವನ್ನು ಮಾತ್ರ, ಅನರ್ಹತೆ ಕೇಂದ್ರದ ಕಾಯ್ದೆಯಲ್ಲಿ ಹಾಗೇ ಉಳಿದಿದೆ. ಇನ್ನೂ ಮುಖ್ಯವಾದದ್ದು: ದಂಡ ಕಟ್ಟಿದ ಮಾತ್ರಕ್ಕೆ ಲೈಸೆನ್ಸಿನ ಮೇಲಿನ ಕ್ರಮ ನಿಲ್ಲುವುದಿಲ್ಲ ಎಂದು 200ನೇ ಸೆಕ್ಷನ್ನೇ ಹೇಳುತ್ತದೆ. ಕಟ್ಟಿದ ದಂಡವು ಮುಂದಿನ ಸಲ ಸಿಕ್ಕಿಬಿದ್ದಾಗ ಹಿಂದಿನ ಅಪರಾಧವಾಗಿ ಲೆಕ್ಕಕ್ಕೂ ಬರುತ್ತದೆ. "ಕಟ್ಟಿ ಮುಗಿಸಿಬಿಡು" ಎಂಬ ನಿಮ್ಮೂರಿನ ಸಲಹೆ ನಮಗೆ ಸಾಲದಾಗುವುದು ಇಲ್ಲಿ.

ಪೊಲೀಸರು ಲೈಸೆನ್ಸ್ ಕಾರ್ಡ್ ತೆಗೆದುಕೊಂಡರೆ ಕೊಡುವ ರಸೀದಿಯಲ್ಲಿ ಯಾವ ಸೆಕ್ಷನ್ ಬರೆದಿದೆ ಎಂದು ಅಲ್ಲಿಯೇ ಓದಬೇಕು. 206ರ ಮೂರನೆಯ ಉಪಸೆಕ್ಷನ್ನಿನ ಪ್ರಕಾರ ಕೊಟ್ಟ ರಸೀದಿ ಇದ್ದರೆ ಕಾರ್ಡ್ ವಾಪಸಾಗುವವರೆಗೆ ಅಥವಾ ಅದರಲ್ಲಿ ಬರೆದ ದಿನಾಂಕದವರೆಗೆ ಗಾಡಿ ಓಡಿಸಬಹುದು. ನಾಲ್ಕನೆಯ ಉಪಸೆಕ್ಷನ್ ಆದರೆ, ಅಂದರೆ ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸಿದ್ದು, ಮೂವರ ಸವಾರಿ, ಹೆಲ್ಮೆಟ್ ಇಂಥವಾದರೆ, ಆ ರಸೀದಿ ಹಿಡಿದು ಓಡಿಸುವ ಹಾಗಿಲ್ಲ. ಪೊಳೆಯಲ್ಲಿ ಕಾರ್ಡ್ ಕೊಟ್ಟವನು ಅದೇ ಬೈಕಿನಲ್ಲಿ ಮಾಜಾಳಿಗೆ ಮರಳಿದರೂ ತಪ್ಪು. ಅನರ್ಹತೆಯ ಆದೇಶ ಆದಮೇಲೂ ಓಡಿಸಿದರೆ 182ನೇ ಸೆಕ್ಷನ್, ಅದಕ್ಕೆ ಕಾಯ್ದೆಯಲ್ಲಿ 10,000 ರೂಪಾಯಿ ದಂಡವಿದೆ.

ಆದರೆ ಆದೇಶ ತಾನಾಗಿ ಆಗುವುದಿಲ್ಲ. 19ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಪ್ರಾಧಿಕಾರ ನಿನ್ನ ಮಾತು ಕೇಳಬೇಕು, ಕಾರಣಗಳನ್ನು ಬರೆದು ಆದೇಶ ಕೊಡಬೇಕು. ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ನೋಟಿಸ್ ಹಳೆಯ ವಿಳಾಸಕ್ಕೆ ಹೋಗಿ ಬಿದ್ದರೆ ಹೇಳಿಕೊಳ್ಳುವ ಅವಕಾಶವೇ ಕೈತಪ್ಪಬಹುದು. ಸಾರಥಿಯಲ್ಲಿ ವಿಳಾಸ, ಮೊಬೈಲ್ ನಂಬರ್ ಸರಿ ಇಟ್ಟುಕೋ ಎಂದು ನಾವು ಎಲ್ಲರ ತಲೆ ತಿನ್ನುವುದು ಅದಕ್ಕೇ.

ಇನ್ನು ನಮ್ಮನ್ನು ನಿಜವಾಗಿ ದಣಿಸುವ ಗಂಟಿಗೆ ಬರುತ್ತೇನೆ. ದಂಡ ಕಟ್ಟುವುದು ಮನೆಯಲ್ಲೇ ಎರಡು ನಿಮಿಷದ ಕೆಲಸ. ತಪ್ಪು ಚಲನ್ ಅನ್ನು ಪ್ರಶ್ನಿಸಲು ಗಡಿ ದಾಟಬೇಕು.

ಮೊದಲ ಹೆಜ್ಜೆ ಇಲ್ಲಿಂದಲೇ ಆಗುತ್ತದೆ. ಇ-ಚಲನ್ ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ ಮತ್ತು ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ಐದು ಅಂಕಿ ಹಾಕಿ ಚಲನ್ ತೆರೆ. ಫೋಟೋ ದೊಡ್ಡದು ಮಾಡಿ ನೋಡು: ನಂಬರ್ ಪ್ಲೇಟಿನ 3 ಮತ್ತು 8 ಅದಲುಬದಲಾಗಿದೆಯೇ, ಗಾಡಿಯ ಮಾದರಿ, ಬಣ್ಣ ನಿನ್ನದೇ ಹೌದೇ, ಆ ಹೊತ್ತಿಗೆ ಗಾಡಿ ಎಲ್ಲಿತ್ತು. ಕ್ಯಾಮೆರಾ ಚಲನ್ ಆಗಿದ್ದರೆ ಕೇಂದ್ರ ಮೋಟಾರು ವಾಹನ ನಿಯಮಗಳ 167ಎ ನೋಡಬೇಕು. ಅಪರಾಧವೂ ನಂಬರ್ ಪ್ಲೇಟೂ ಸ್ಪಷ್ಟವಾಗಿ ಕಾಣುವ ಚಿತ್ರ, ಉಪಕರಣ ಅಳೆದ ವೇಗ, ದಿನಾಂಕ, ಸಮಯ, ಸ್ಥಳ ಇರಬೇಕು. ಅಪರಾಧ ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು, ಕ್ಯಾಮೆರಾ ಇರುವ ಕಡೆ ಎಚ್ಚರಿಕೆಯ ಫಲಕ ಇರಬೇಕು. ಇವುಗಳಲ್ಲಿ ಯಾವುದು ಇಲ್ಲವೋ ಅದೇ ನಿನ್ನ ವಾದ. ಅದೇ ಜಾಲತಾಣದ ದೂರು ವಿಭಾಗದಲ್ಲಿ ಚಲನ್ ನಂಬರ್ ಕೊಟ್ಟು, ಆರ್‌ಸಿ ಮತ್ತು ಗಾಡಿಯ ಫೋಟೋ ಸೇರಿಸಿ ಬರೆ. ಎಲ್ಲಕ್ಕಿಂತ ಮೊದಲು ನೆನಪಿರಲಿ, ಹಣ ಕಟ್ಟಬಾರದು. ಕಟ್ಟಿದರೆ ಒಪ್ಪಿಕೊಂಡ ಹಾಗೆ, ಆಮೇಲೆ ವಾದಕ್ಕೆ ಜಾಗ ಉಳಿಯುವುದಿಲ್ಲ.

ದೂರಿಗೆ ಸರಿಯಾದ ಉತ್ತರ ಬರದಿದ್ದರೆ ವಿಷಯ ಕೋರ್ಟಿಗೆ ಹೋಗುತ್ತದೆ. ವರ್ಚುವಲ್ ಕೋರ್ಟಿಗೆ ಹೋದ ಚಲನ್ ಆದರೆ ತೆರೆಯ ಮೇಲೆ ಎರಡು ಆಯ್ಕೆ: ದಂಡ ಕಟ್ಟುತ್ತೇನೆ, ಅಥವಾ ಪ್ರಕರಣ ನಡೆಸುತ್ತೇನೆ. ಎರಡನೆಯದನ್ನು ಒತ್ತಿದರೆ ಪ್ರಕರಣ ಅಪರಾಧ ನಡೆದ ಜಾಗದ ಕೋರ್ಟಿಗೆ ಹೋಗುತ್ತದೆ. ನಮ್ಮ ಮಟ್ಟಿಗೆ ಅದು ಕಾಣಕೋಣ ಅಥವಾ ಮಡಗಾಂವ್. ಕಾರವಾರದ ಲೋಕ್ ಅದಾಲತ್‌ಗೆ ಆ ಕಾಗದ ತಂದರೆ ಅಲ್ಲಿ ಕೆಲಸವಿಲ್ಲ. 1000 ರೂಪಾಯಿಯ ತಪ್ಪು ಚಲನ್‌ಗೆ ಒಂದು ದಿನದ ಕೂಲಿ, ಪೆಟ್ರೋಲು, ವಕೀಲರ ಫೀಸು ಲೆಕ್ಕ ಹಾಕಿ ಹೆಚ್ಚಿನವರು ತಮ್ಮದಲ್ಲದ ದಂಡ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಇದು ನ್ಯಾಯವಲ್ಲ. ದಿನಾ ಗಡಿ ದಾಟುವ ಜನರ ಅಹವಾಲನ್ನು ವಿಡಿಯೋ ಮೂಲಕ, ಅವರ ಊರಿನ ಕೋರ್ಟಿನಿಂದಲೇ ಕೇಳುವ ಏರ್ಪಾಡು ಆಗಲೇಬೇಕು.

ಅಲ್ಲಿಯವರೆಗೆ ಕಾಯ್ದೆಯ 208ನೇ ಸೆಕ್ಷನ್ ತಿಳಿದಿರಲಿ. ಸಮನ್ಸ್ ಬಂದರೆ ಸಾಮಾನ್ಯ ಅಪರಾಧಗಳಲ್ಲಿ ನೀನೇ ಹೋಗಬೇಕೆಂದಿಲ್ಲ, ವಕೀಲರ ಮೂಲಕ ಹಾಜರಾಗಬಹುದು. ವಕಾಲತ್ತಿಗೆ ಸಹಿ ಹಾಕಿ, ಆರ್‌ಸಿ, ಫೋಟೋ, ದೂರಿನ ಪ್ರತಿ ಕೊಟ್ಟರೆ ಒಂದು ಓಡಾಟ ಉಳಿಯುತ್ತದೆ. ಕುಡಿದು ಓಡಿಸಿದ 185ನೇ ಸೆಕ್ಷನ್ನಿಗೆ ಈ ಯಾವ ದಾರಿಯ ಮಾತನ್ನೂ ನಾನು ಆಡುವುದಿಲ್ಲ. ಅದು ಸ್ಥಳದಲ್ಲಿ ದಂಡ ಕಟ್ಟಿ ಮುಗಿಯುವಂಥದ್ದಲ್ಲ, ಮುಗಿಯಲೂಬಾರದು.

ಹಳೆ ಗಾಡಿಯನ್ನು ಗೋವಾದವರಿಗೆ ಮಾರಿ, ಹೆಸರು ಬದಲಾಗದೆ ಉಳಿದರೆ ಅಲ್ಲಿನ ಚಲನ್ ಇಲ್ಲಿಯ ಫೋನಿಗೆ ಬರುತ್ತಲೇ ಇರುತ್ತದೆ. ಫಾರಂ 28ರ ಎನ್‌ಒಸಿ, ಫಾರಂ 29, 30 ಮುಗಿಸದೆ ಕೀಲಿ ಕೊಡಬೇಡ. ವಾಟ್ಸಾಪಿನಲ್ಲಿ ಎಪಿಕೆ ಫೈಲಾಗಿ, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲಾಗಿ, ಬಂದ ಚಲನ್ ಮೋಸದ್ದು, ತೆರೆಯಲೇಬೇಡ.

ಡಿಜಿಲಾಕರ್, ಎಂ-ಪರಿವಾಹನ್‌ನಲ್ಲಿರುವ ದಾಖಲೆ ನಿಯಮ 139ರ ಪ್ರಕಾರ ಎರಡೂ ಕಡೆ ನಡೆಯುತ್ತದೆ. ಆದರೆ ಅನಮೋಡ ಘಾಟಿನಲ್ಲಿ, ದೇವಿಮನೆಯ ತಿರುವುಗಳಲ್ಲಿ ನೆಟ್‌ವರ್ಕ್ ಸಿಗದ ಜಾಗಗಳಿವೆ. ಮುಂದಿನ ತಿಂಗಳು ಕಾರವಾರಕ್ಕೆ ಬರುವವನಿದ್ದೀಯಲ್ಲ, ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪತ್ರ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಡು. ಹಿಂದೆ ಕೂರುವವರಿಗೂ ಒಂದು ಹೆಲ್ಮೆಟ್ ತಾ.