ಕೀಟಾ ಹುಡುಕುವ ಮೊದಲು

ತಂಗಿ,

ಅಕ್ಕಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನೀನು ಅಂತಲೇ ಮಾತಾಡುತ್ತೇನೆ. ವಿದ್ಯಾನಗರದ ಮನೆ ಖಾಲಿ ಮಾಡಿ ಏಪ್ರಿಲ್‌ನಲ್ಲಿ ಬರ್ಲಿನ್‌ಗೆ ಬರುತ್ತೀರಿ, ಮನೆ ಸ್ಪಾಂಡಾವ್ ಕಡೆ, ಮಗಳಿಗೆ ಜೂನ್‌ಗೆ ಮೂರು ತುಂಬುತ್ತದೆ. ಅಲ್ಲಿಯ ಸರಕಾರಿ ಕೀಟಾಗಳನ್ನು, ಅಂದರೆ ಶಿಶುವಿಹಾರಗಳನ್ನು, ಹೇಗೆ ಹೋಲಿಸಿ ನೋಡಬೇಕು, ಯಾವುದು ಚೊಲೋ ಅಂತ ಕೇಳಿದ್ದೀಯ. ಸರಕಾರಿ ಅಂದರೆ ಹೇಗಿರುತ್ತದೋ ಅನ್ನುವ ಅಂಜಿಕೆಯೂ ನಿನ್ನ ಪ್ರಶ್ನೆಯಲ್ಲಿ ಕಂಡಿತು. ನನಗೂ ಅದೇ ಇತ್ತು.

ರ‍್ಯಾಂಕ್ ಪಟ್ಟಿ ಹುಡುಕಬೇಡ. ವರ್ಷದ ಕೂಸಿನಿಂದ ಶಾಲೆಗೆ ಹೋಗುವ ತನಕ ಎಲ್ಲ ಮಕ್ಕಳಿಗೂ ಇಲ್ಲಿ ಕೀಟಾನೇ. ಬರ್ಲಿನ್ ನಗರದ್ದೇ ಐದು ಸಂಸ್ಥೆಗಳು ಸರಕಾರಿ ಕೀಟಾ ನಡೆಸುತ್ತವೆ. ಉಳಿದವು ಚರ್ಚಿನವು, ಸೇವಾ ಸಂಸ್ಥೆಗಳವು. ಕೆಲವನ್ನು ತಂದೆತಾಯಂದಿರೇ ಕೂಡಿ ನಡೆಸುತ್ತಾರೆ, ಅಲ್ಲಿ ಪಾಳಿಯ ಮೇಲೆ ಅಡುಗೆ, ಕಸಬರಿಗೆ ನಿನ್ನ ಕೈಗೂ ಬರುತ್ತದೆ. ಎಲ್ಲದಕ್ಕೂ ನಡೆಯುವುದು ಒಂದೇ ಚೀಟಿ, ಗುಟ್‌ಶೈನ್ ಅಂತಾರೆ. ಯೂಗೆಂಡ್‌ಆಮ್ಟ್ ಅನ್ನುವ ಮಕ್ಕಳ ಕಲ್ಯಾಣದ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಬಂದ ಕೂಡಲೇ ವಿಳಾಸ ನೋಂದಣಿ ಮಾಡಿಸಿ, ಮಾರನೇ ದಿನವೇ ಅರ್ಜಿ ಹಾಕಿಬಿಡು. 2018ರ ಆಗಸ್ಟ್‌ನಿಂದ ಬರ್ಲಿನ್‌ನಲ್ಲಿ ಕೀಟಾಕ್ಕೆ ಫೀ ಇಲ್ಲ. ಮಧ್ಯಾಹ್ನದ ಊಟಕ್ಕೆ ಅಂತ ನಾವು ತಿಂಗಳಿಗೆ 23 ಯೂರೋ ಕಟ್ಟುತ್ತಿದ್ದೆವು, ಅಷ್ಟೇ. ಡಾಕ್ಟರ ಮಗ, ಬಸ್ ಡ್ರೈವರನ ಮಗಳು ಒಂದೇ ಮೇಜಿಗೆ ಕೂತು ಉಣ್ಣುತ್ತಾರೆ. ನಮ್ಮಲ್ಲಿ ಅಂಗನವಾಡಿ ಅಂದರೆ ಮೂಗು ಮುರಿಯುತ್ತಾರಲ್ಲ, ಆ ಮೂಗನ್ನು ವಿಮಾನ ಹತ್ತುವ ಮೊದಲೇ ಅಲ್ಲಿ ಬಿಟ್ಟು ಬಾ.

ನಾನು ಬಿಟ್ಟು ಬರಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಧಾರವಾಡದಿಂದ ಬಂದಾಗ ಮಗಳಿಗೆ ಎರಡೂವರೆ. ಮನೆಯಿಂದ ನಾಲ್ಕು ನಿಮಿಷದ ದಾರಿಯಲ್ಲಿ ಸರಕಾರಿ ಕೀಟಾ ಇತ್ತು. ಹಳೇ ಕಟ್ಟಡ, ಅಂಗಳದ ತುಂಬ ಉಸುಕು, ಮಕ್ಕಳೆಲ್ಲ ಕೆಸರು ಮೆತ್ತಿಕೊಂಡು ನಿಂತಿದ್ದರು. ಛೀ ಅನ್ನಿಸಿತು. ಎರಡು ಬಸ್ ಬದಲಿಸಿ ಹೋಗುವ ಇನ್ನೊಂದಕ್ಕೆ ಹಾಕಿದೆವು. ಅಲ್ಲಿ ಇಂಗ್ಲಿಷ್ ಮಾತಾಡುತ್ತಾರೆ, ನೆಲ ಫಳಫಳ ಹೊಳೆಯುತ್ತದೆ, ಇಷ್ಟು ಸಾಕಾಗಿತ್ತು ನಮಗೆ.

ಇಲ್ಲಿ ಮಗುವನ್ನು ಮೊದಲ ದಿನವೇ ಬಿಟ್ಟು ಬರುವಂತಿಲ್ಲ. ಐನ್‌ಗೆವೋನುಂಗ್ ಅಂತ ಒಂದು ರೂಢಿ ಮಾಡಿಸುವ ಕ್ರಮ ಇದೆ. ಬರ್ಲಿನ್‌ನದೇ ಮಾದರಿ. ಮೊದಲ ಮೂರು ದಿನ ಅಮ್ಮನೋ ಅಪ್ಪನೋ ಒಂದು ತಾಸು ಜೊತೆಗೆ ಸುಮ್ನೆ ಕೂತಿರಬೇಕು. ನಾಲ್ಕನೇ ದಿನ ಹೇಳಿ ಹೊರಗೆ ಹೋಗಬೇಕು, ಅದೂ ಸ್ವಲ್ಪ ಹೊತ್ತು. ಆ ದಿನ ಸೋಮವಾರ ಬಂದರೆ ಮಂಗಳವಾರಕ್ಕೆ ಮುಂದೆ ಹಾಕುತ್ತಾರೆ, ರಜೆ ಕಳೆದು ಬಂದ ಮಗು ಅಮ್ಮನಿಗೆ ಜಾಸ್ತಿ ಅಂಟಿಕೊಂಡಿರುತ್ತದೆ ಅಂತ. ಎರಡು ಮೂರು ವಾರ ಹಿಡಿಯುತ್ತದೆ.

ಎಂಟನೇ ದಿನ ನನಗೆ ಕೆಲಸದ ಸಂದರ್ಶನ ಇತ್ತು. ಎರಡನೇ ಬಸ್ಸಿಗೆ ಆರು ನಿಮಿಷ. ಮಗಳು ನನ್ನ ಓಢಣಿ ಹಿಡಿದು ನಿಂತಿದ್ದಳು. ನಮ್ಮ ಮನೆಯಲ್ಲಿ ಎಲ್ಲರೂ ಮಾಡುತ್ತಿದ್ದುದನ್ನೇ ನಾನೂ ಮಾಡಿದೆ. "ಅಗೋ, ಕಾಗಿ ನೋಡ ಅಲ್ಲೆ" ಅಂದೆ. ಅವಳು ಕಿಟಕಿಗೆ ತಿರುಗಿದಳು. ನಾನು ಜಾರಿಕೊಂಡೆ. ಕಾಗೆ ಇರಲೂ ಇಲ್ಲ.

ಮರಳಿ ಬಂದಾಗ ಅವಳು ಕೋಟು ನೇತುಹಾಕುವ ಗೂಟದ ಕೆಳಗೆ ಕೂತಿದ್ದಳು. ಇಲ್ಲಿ ಪ್ರತಿ ಮಗುವಿನ ಗೂಟಕ್ಕೂ ಒಂದು ಚಿತ್ರ, ಅವಳದು ಬಸವನಹುಳು. ಅಳುತ್ತಿರಲಿಲ್ಲ. ಬೂಟು ಬಿಚ್ಚಿರಲಿಲ್ಲ, ಬಿಚ್ಚಲು ಯಾರಿಗೂ ಕೊಟ್ಟಿರಲಿಲ್ಲ. ಬೂಟು ಬಿಚ್ಚಿದರೆ ಅಮ್ಮ ಹೋಗುತ್ತಾಳೆ ಅನ್ನುವುದು ಅವಳ ಲೆಕ್ಕ. ಅಲ್ಲಿಯ ಅಕ್ಕೋರು ನನ್ನನ್ನು ಬೈಯಲಿಲ್ಲ. ಅಳಿಸಿ ಹೋಗು, ಆದರೆ ಹೇಳಿ ಹೋಗು ಅಂದರು. ಆಮೇಲೆ ಏಳು ವಾರ ಅವಳು ಬೂಟಿನಲ್ಲೇ ಆಡಿದಳು. ಆ ಕೆಲಸವೂ ಸಿಗಲಿಲ್ಲ, ಅದು ಬೇರೆ ಮಾತು. ಫೆಬ್ರವರಿಯಲ್ಲಿ ಕೆಸರಿನ ಕೀಟಾಕ್ಕೇ ಕೈಮುಗಿದು ಬಂದೆವು. ಜಾಗ ಕೊಟ್ಟರು, ಪುಣ್ಯ.

ಹಾಗಾಗಿ ನಾನು ಹೋಲಿಸುವುದಾದರೆ ಮೊದಲು ನೋಡುವುದು ದಾರಿ. ನಡೆದು ಹೋಗುವಷ್ಟು ಹತ್ತಿರ ಇದ್ದರೆ ಬಾಗಿಲಲ್ಲಿ ಅವಸರ ಇರುವುದಿಲ್ಲ. ಆಮೇಲೆ ರೂಢಿ ಮಾಡಿಸಲು ಎಷ್ಟು ದಿನ ಕೊಡುತ್ತಾರೆ ಕೇಳು. ಅಕ್ಕೋರು ಎಷ್ಟು ವರ್ಷದಿಂದ ಅಲ್ಲೇ ಇದ್ದಾರೆ ಕೇಳು, ವರ್ಷಕ್ಕೊಬ್ಬರು ಬದಲಾಗುವ ಕಡೆ ಬೇಡ. ಅಂಗಳ ನೋಡು. ಮಳೆಯಲ್ಲೂ ಹೊರಗೆ ಬಿಡುತ್ತಾರೆ, ರಬ್ಬರಿನ ಪ್ಯಾಂಟು ಇಲ್ಲೇ ಕೊಳ್ಳಬಹುದು. ಊಟದಲ್ಲಿ ಸಸ್ಯಾಹಾರ ಕೇಳಿದರೆ ಕೊಡುತ್ತಾರೆ, ರುಚಿ ಕೇಳಬೇಡ.

ಎಬಿಸಿಡಿ ಯಾವಾಗ ಕಲಿಸುತ್ತಾರೆ ಅಂತ ನಿಮ್ಮ ಅತ್ತೆ ಕೇಳುತ್ತಿದ್ದಾರೆ ಅಲ್ವಾ? ಕಲಿಸುವುದಿಲ್ಲ. ಸೆಪ್ಟೆಂಬರ್ 30ರೊಳಗೆ ಆರು ತುಂಬಿದ ವರ್ಷ ಶಾಲೆ, ಅಕ್ಷರ ಅಲ್ಲಿ. ನನ್ನ ಮಗಳು ಈಗ ನಾಲ್ಕನೇ ಕ್ಲಾಸು, ಓದುವುದರಲ್ಲಿ ಏನೂ ಹಿಂದೆ ಬಿದ್ದಿಲ್ಲ. ಆದರೆ ನಾನು ಕಸದ ಚೀಲ ಹಿಡಿದು ಕೆಳಗಿಳಿದರೂ ಒಳಗಿನಿಂದ ಕೂಗುತ್ತಾಳೆ, "ಅಮ್ಮಾ, ಹೇಳಿ ಹೋಗು".

ಮಗಳ ತಾಯಿ ಕಾರ್ಡ್ ಕೈಚೀಲದಲ್ಲೇ ಇಟ್ಟುಕೋ, ಲಗೇಜಿನಲ್ಲಿ ಹಾಕಬೇಡ. 2020ರ ಮಾರ್ಚ್‌ನಿಂದ ಕೀಟಾಕ್ಕೆ ದಡಾರದ ಲಸಿಕೆಯ ದಾಖಲೆ ಬೇಕೇ ಬೇಕು, ಎರಡು ತುಂಬಿದ ಮಕ್ಕಳಿಗೆ ಎರಡೂ ಡೋಸಿನದು. ನನಗೇನು ತರಲಿ ಅಂತ ಕೇಳಿದ್ದೀಯ. ಫೇಡೆ ಅನ್ನಲು ಬಾಯಿ ಬರುತ್ತದೆ, ಆದರೆ ಹಾಲಿನ ಪದಾರ್ಥ ಹೊರಗಿನಿಂದ ತರಲು ಇಲ್ಲಿ ಬಿಡುವುದಿಲ್ಲ. ಶೇಂಗಾ ಚಟ್ನಿಪುಡಿ ತಾ, ಸ್ವಲ್ಪ ಖಾರ ಜಾಸ್ತಿ ಇರಲಿ.