ಕಾಸರಗೋಡಿನಲ್ಲಿ ಜೊತೆಗೆ ಓದಿದವರನ್ನು ಹುಡುಕಬೇಕಾದರೆ ಮನೆಹೆಸರು ಕೇಳಿ

ನಿಮ್ಮ ತಂದೆಯವರು ಕುಂಬಳೆ ಕಡೆಯ ಕನ್ನಡ ಶಾಲೆಯಲ್ಲಿ ಹತ್ತನೇ ಕ್ಲಾಸು ಮುಗಿಸಿ 1970ರ ದಶಕದ ಕೊನೆಗೆ ಬೆಂಗಳೂರು ಸೇರಿದವರು, ಈಗ ಹಳೇ ಗೆಳೆಯರನ್ನು ಫೇಸ್‌ಬುಕ್‌ನಲ್ಲಿ ಹುಡುಕಿದರೆ ಒಬ್ಬರೂ ಸಿಗುತ್ತಿಲ್ಲ ಅಂತ ಕೇಳಿದ್ದೀರಿ. ಸಿಗುವುದಿಲ್ಲ ಮಾರಾಯ್ರೇ. ನೀವು ಹೆಸರು ಹಿಡಿದು ಹುಡುಕುತ್ತಿದ್ದೀರಿ. ನಮ್ಮ ಕಡೆ ಜನ ಸಿಗುವುದು ಮನೆಹೆಸರಿನಿಂದ.

ಒಂದೇ ಕ್ಲಾಸಿನಲ್ಲಿ ಮೂವರು ಅಬ್ದುಲ್ಲ, ಇಬ್ಬರು ಸುಬ್ರಹ್ಮಣ್ಯ ಭಟ್ಟರು ಇರುವುದು ಇಲ್ಲಿ ಮಾಮೂಲು. ಹಾಜರಿ ಕರೆಯುವಾಗ ಇನಿಷಿಯಲ್ ಒಂದೇ ವ್ಯತ್ಯಾಸ. ಅದೇ ಅಬ್ದುಲ್ಲ ಊರಿನವರ ಬಾಯಲ್ಲಿ ಅಂದುಂಞಿ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೂ ಸೇರಿ ಇನ್ನೇನೋ. ಯಾವ ಬೈಲು (ಗದ್ದೆಯ ತಗ್ಗು), ಯಾವ ಪದವು (ಎತ್ತರದ ಬಯಲು), ಯಾವ ಗುಡ್ಡೆಯ ಮನೆ ಅಂತ ಹೇಳಿ ನೋಡಿ, ಕುಂಬಳೆ ಪೇಟೆಯ ರಿಕ್ಷಾದವರೇ ಮುಂದಿನದ್ದು ಹೇಳುತ್ತಾರೆ. ಪೇಟೆಯ ಹಳೇ ಹೋಟೆಲು, ಅಂಗಡಿಯ ಗುರುತು ಮಾತ್ರ ಕೇಳಬೇಡಿ. ಹೆದ್ದಾರಿ ಆರು ಪಥ ಆಗುವಾಗ ಉಪ್ಪಳ, ಕುಂಬಳೆಯಲ್ಲಿ ರಸ್ತೆ ಬದಿಯ ಕಟ್ಟಡ ಎಷ್ಟೋ ಹೋದವು.

ಇನ್ನೊಂದು ಸಂಗತಿ ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಶಾಲೆಗಳಲ್ಲಿ ಕನ್ನಡ ಉಳಿಯಿತು. ಒಂದೇ ಕಟ್ಟಡದಲ್ಲಿ ಕನ್ನಡ ಮಾಧ್ಯಮ, ಮಲಯಾಳ ಮಾಧ್ಯಮ ಎರಡೂ ಇರುವ ಶಾಲೆ ಇಲ್ಲಿ ಈಗಲೂ ಇದೆ. ಆದರೆ ಎಸ್ಸೆಸ್ಸೆಲ್ಸಿ ಆದ ಮೇಲೆ ಕನ್ನಡ ಕ್ಲಾಸಿನವರು ಎರಡು ರಾಜ್ಯಕ್ಕೆ ಹಂಚಿಹೋಗುತ್ತಿದ್ದರು. ಅಂಕ, ಅನುಕೂಲ ಇದ್ದವರು ಮಂಗಳೂರಿಗೆ ಪಿಯುಸಿಗೆ. ಉಳಿದವರಲ್ಲಿ ಕೆಲವರು ಕಾಸರಗೋಡು ಸರ್ಕಾರಿ ಕಾಲೇಜಿಗೆ, ಆಗ ಅಲ್ಲಿ ಪಿಯುಸಿಗೆ ಸಮನಾದ ಪ್ರಿ ಡಿಗ್ರಿ. ತುಳುವರ ಹುಡುಗರು ಮುಂಬೈ ಹೋಟೆಲಿಗೆ, ಹಗಲು ಕೆಲಸ, ರಾತ್ರಿ ಶಾಲೆ. ಬ್ಯಾರಿ, ಮಾಪಿಳ್ಳೆ ಮುಸ್ಲಿಂ ಮನೆಯವರು ಜಾಸ್ತಿ ಗಲ್ಫಿಗೆ. ಹಾಗಾಗಿ ಒಂದು ಬೆಂಚಿನ ನಾಲ್ವರು ನಾಲ್ಕು ದಿಕ್ಕಿನಲ್ಲಿರುತ್ತಾರೆ, ಒಬ್ಬರ ನಂಬರ್ ಇನ್ನೊಬ್ಬರಲ್ಲಿ ಇರುವುದಿಲ್ಲ.

ಎಲ್ಲಿಂದ ಶುರು ಮಾಡಬೇಕು ಅಂದರೆ, ಮಾಷ್ಟ್ರಿಂದ. ನಮ್ಮಲ್ಲಿ ಖಾಸಗಿ ಮ್ಯಾನೇಜ್‌ಮೆಂಟಿನ ಅನುದಾನಿತ ಶಾಲೆಗಳು ತುಂಬ. ಸರ್ಕಾರಿ ಶಾಲೆಯವರ ಹಾಗೆ ಅಲ್ಲಿಯವರಿಗೆ ಊರೂರು ವರ್ಗಾವಣೆ ಇಲ್ಲ, ಸೇರಿದ ಶಾಲೆಯಲ್ಲೇ ನಿವೃತ್ತಿ ಆದವರು ಬಹಳ. ಅಣ್ಣ, ತಮ್ಮ, ಆಮೇಲೆ ಅವರ ಮಕ್ಕಳು, ಎಲ್ಲರಿಗೂ ಅದೇ ಟೀಚರ್ ಪಾಠ ಮಾಡಿರುತ್ತಾರೆ. ನಿಮ್ಮ ತಂದೆಯವರಿಗೆ ಕಲಿಸಿದವರು ಈಗ ಇಲ್ಲದಿರಬಹುದು, ಅವರ ನಂತರದವರು ಸಿಗುತ್ತಾರೆ. ಶಾಲೆ ಆಫೀಸಿನಲ್ಲಿ ಪ್ರವೇಶದ ರಿಜಿಸ್ಟರ್ ಇರುತ್ತದೆ ನಿಜ, ಬೇರೆಯವರ ವಿವರ ಸುಮ್ನೆ ಕೊಡುವುದಿಲ್ಲ. ಕೊಡಲೂಬಾರದು ಬಿಡಿ.

ಹೇಳಲು ಸ್ವಲ್ಪ ಸಂಕಟ, ಆದರೂ ಪತ್ರಿಕೆಯ ನಿಧನ ಸುದ್ದಿಯೂ ಉಪಯೋಗಕ್ಕೆ ಬರುತ್ತದೆ. ಮಕ್ಕಳ ಹೆಸರಿನ ಮುಂದೆ ದುಬೈ, ಪುತ್ತೂರು, ಮುಂಬೈ ಅಂತ ಊರೂ ಹಾಕಿರುತ್ತಾರೆ. ಗೆಳೆಯ ಎಲ್ಲಿದ್ದಾನೆ ಅಂತ ಅವನ ತಾಯಿ ತೀರಿಕೊಂಡಾಗ ಗೊತ್ತಾದ ಉದಾಹರಣೆ ಇಲ್ಲಿ ಎಷ್ಟು ಬೇಕು.

ಹೆಂಗಸರನ್ನು ಹುಡುಕುವುದು ಕಷ್ಟ. ಮದುವೆಯಾಗಿ ಸುಳ್ಯಕ್ಕೋ ಬಂಟ್ವಾಳಕ್ಕೋ ಹೋಗಿರುತ್ತಾರೆ, ಹೆಸರಿನ ಬಾಲವೂ ಬದಲಾಗಿರುತ್ತದೆ. ಅವರು ಊರಿಗೆ ಬರುವುದು ತರವಾಡು ಮನೆಯ, ಅಂದರೆ ಕುಟುಂಬದ ಮೂಲಮನೆಯ, ನೇಮಕ್ಕೆ (ಭೂತಾರಾಧನೆಗೆ), ಇಲ್ಲವೇ ಜನವರಿಯ ಕುಂಬಳೆ ಜಾತ್ರೆಗೆ, ಬೆಡಿ (ಸಿಡಿಮದ್ದು) ನೋಡಲು. ಹಳೇ ಗೆಳತಿಯರು ಅಲ್ಲಿ ಗುಂಪುಗಟ್ಟಿ ಮಾತಾಡುತ್ತಿರುತ್ತಾರೆ. ನಂಬರ್ ಕೇಳುವ ಕೆಲಸ ನಿಮ್ಮ ತಾಯಿಯವರು ಮಾಡಿದರೆ ಒಳ್ಳೆಯದು.

ಈಗ ಸುಮಾರು ಬ್ಯಾಚಿಗೆ ವಾಟ್ಸಾಪ್ ಗ್ರೂಪ್ ಇದೆ. ಒಬ್ಬ ಸಿಕ್ಕಿದರೆ ಸಾಕು, ಗ್ರೂಪಿಗೆ ಸೇರಿಸುತ್ತಾರೆ. 2020ರ ಕೊರೊನಾ ಕಾಲದಲ್ಲಿ ಕರ್ನಾಟಕ, ಕೇರಳ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಬಂದ್ ಮಾಡಿದಾಗ ಇವು ಚುರುಕಾದವು. ಮಂಗಳೂರಿನಿಂದ ಮದ್ದು ತರಿಸಬೇಕು, ಆಚೆ ಬದಿಯಲ್ಲಿ ನಮ್ಮವರು ಯಾರಿದ್ದಾರೆ ಅಂತ ಹುಡುಕಾಟ. ಗ್ರೂಪಿನಲ್ಲಿ ಬರಹ ಕಡಿಮೆ, ವಾಯ್ಸ್ ಮೆಸೇಜೇ ಜಾಸ್ತಿ. ಒಬ್ಬರು ತುಳುವಿನಲ್ಲಿ ಕೇಳುತ್ತಾರೆ, ಇನ್ನೊಬ್ಬರು ಮಲಯಾಳದಲ್ಲಿ ಉತ್ತರಿಸುತ್ತಾರೆ, ನಡುವೆ ಕನ್ನಡ ಪದ್ಯದ ಎರಡು ಸಾಲು. ನಿಮ್ಮ ತಂದೆಯವರಿಗೆ ತುಳು ಮರೆತಿದ್ದರೂ ತೊಂದರೆ ಇಲ್ಲ.

ಎಲ್ಲರೂ ಸೇರುವ ದಿನ ಗೊತ್ತು ಮಾಡುವುದೇ ದೊಡ್ಡ ತಲೆನೋವು. ಇಲ್ಲಿಯವರಿಗೆ ರಜೆ ಓಣಂಗೆ, ಕರ್ನಾಟಕದವರಿಗೆ ದಸರಾಕ್ಕೆ. ಗಲ್ಫಿನವರು ಮಕ್ಕಳ ರಜೆ ನೋಡಿಕೊಂಡು ಜುಲೈ, ಆಗಸ್ಟಿನಲ್ಲಿ ಬರುತ್ತಾರೆ, ಆಗ ಇಲ್ಲಿ ಜಡಿಮಳೆ. ಸ್ವಲ್ಪವಾದರೂ ಹೊಂದುವುದು ಎರಡೂ ರಾಜ್ಯಕ್ಕೆ ಬೇಸಿಗೆ ರಜೆ ಇರುವ ಏಪ್ರಿಲ್, ಮೇ ಒಂದೇ. ಸೆಕೆ ಇರುತ್ತದೆ, ಸಹಿಸಿಕೊಳ್ಳಿ.

ತಂದೆಯವರಲ್ಲಿ ಮೂರು ವಿಷಯ ಕೇಳಿ ತಿಳಿಸಿ: ಅವರ ಮನೆಹೆಸರು, ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿರುವ ಶಾಲೆ ಮತ್ತು ವರ್ಷ, ಮತ್ತೆ ಶಾಲೆಗೆ ಯಾರ ಜೊತೆ ನಡೆದು ಹೋಗುತ್ತಿದ್ದರು ಅಂತ. ಮೂರನೆಯದ್ದನ್ನು ಮರೆಯಬೇಡಿ. ಒಂದೇ ದಾರಿಯಲ್ಲಿ ನಡೆದವರೆಂದರೆ ಮನೆಗಳೂ ಆ ದಾರಿಯಲ್ಲೇ ಇರುತ್ತವೆ, ಹುಡುಕಲು ಸುಲಭ.